ಗುಡ್ಡ ಹತ್ತೋರಿಗೆ ಟಿಕೆಟ್ ಸಿಕ್ಕಿತು, ಗುಡ್ಡದ ಬುಡದವರಿಗೆ?

ಶುಕ್ರವಾರ ರಾತ್ರಿ ಬಿಳಿಕೆರೆ ಸರ್ಕಲ್‌ನಲ್ಲಿ ನಿಂತು ನೋಡಿ. ಬಲಕ್ಕೆ ತಿರುಗಿದರೆ ಕೆ.ಆರ್. ನಗರದ ಮೇಲೆ ಹಾಸನ, ನೇರ ಹೋದರೆ ಹುಣಸೂರು. ಬೆನ್ನಿಗೆ ದೊಡ್ಡ ಬ್ಯಾಗ್ ಕಟ್ಟಿಕೊಂಡ ಬೈಕ್ ಸವಾರರು, ನಿದ್ದೆ ಹೊಡೆಯುವ ಹುಡುಗ ಹುಡುಗಿಯರನ್ನು ತುಂಬಿಕೊಂಡ ಟೆಂಪೊಗಳು ನೇರವೇ ಹೋಗುತ್ತವೆ. ಕೆಲವು ಪಿರಿಯಾಪಟ್ಟಣ, ಕುಶಾಲನಗರ ದಾಟಿ ಸೋಮವಾರಪೇಟೆ ಕಡೆಯಿಂದ ಕುಮಾರ ಪರ್ವತಕ್ಕೆ. ಇನ್ನು ಕೆಲವು ಗೋಣಿಕೊಪ್ಪದ ಮೇಲೆ ಇರ್ಪು, ಬ್ರಹ್ಮಗಿರಿಗೆ. ನಮ್ಮ ಊರಿಗೆ ಸಿಗೋದು ಒಂದು ಟೀ, ಒಂದು ಬನ್ನಿನ ವ್ಯಾಪಾರ. ಹಾಗಾಗಿ ಚಾರಣ ಅನ್ನೋದು ಬೆಂಗಳೂರಿನವರ ಶೋಕಿ, ನಮಗೇನು ಅಂತ ಸುಮ್ಮನಿದ್ದೇವೆ.

ಆದರೆ ಇದು ನಮ್ಮ ವಿಷಯವೇ. ಹುಣಸೂರಿನ ನಡುವೆ ಹರಿಯುವ ಲಕ್ಷ್ಮಣತೀರ್ಥ ಹುಟ್ಟೋದು ಅದೇ ಬ್ರಹ್ಮಗಿರಿ ಸಾಲಿನಲ್ಲಿ. ಹನಗೋಡು ಅಣೆಕಟ್ಟೆಯಿಂದ ಕಾಲುವೆಗೆ ತಿರುಗಿ ನಮ್ಮ ತಾಲ್ಲೂಕಿನ ಗದ್ದೆಗೆ ಬರೋದು ಅಲ್ಲಿಯ ನೀರು. ಇರ್ಪುವಿನಿಂದ ನರಿಮಲೆ, ನರಿಮಲೆಯಿಂದ ಶಿಖರ ಅಂತ ಹಂತಹಂತವಾಗಿ ಹತ್ತುವ ದಾರಿಯಲ್ಲಿ ಸಿಗುವ ಹುಲ್ಲುಗಾವಲು ಫೋಟೊಗೆ ಮಾತ್ರ ಇರೋದಲ್ಲ. ಕಣಿವೆಯ ಶೋಲಾ ಕಾಡು, ನೆತ್ತಿಯ ಹುಲ್ಲು ಎರಡೂ ಸೇರಿ ಮಳೆನೀರನ್ನು ಹಿಡಿದಿಟ್ಟು, ಮಳೆ ನಿಂತ ಮೇಲೂ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಆ ಹುಲ್ಲು ಸವೆದರೆ ಮೊದಲು ಬಡವಾಗೋದು ಹೊಳೆ.

ಹುಲ್ಲು ಸವೆಯೋದು ಹೇಗೆ? ದಾರಿ ಕೆಸರಾದಾಗ ಜನ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಒಂದಡಿ ದಾರಿ ಐದಡಿ ಆಗುತ್ತೆ. ಮುಂದಿನ ಮಳೆಗೆ ಅದೇ ಚರಂಡಿ, ಮಣ್ಣೆಲ್ಲ ಕೆಳಕ್ಕೆ. ಒಮ್ಮೆ ಮಣ್ಣು ಹೋದ ಇಳಿಜಾರಿನಲ್ಲಿ ಮತ್ತೆ ಹುಲ್ಲು ಕೂರೋದು ಬಹಳ ಕಷ್ಟ.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, 1,712 ಮೀಟರ್ ಎತ್ತರದ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ವಿಡಿಯೊ ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಅನ್ನೋ ಮಿತಿಯೂ ಬಂತು.

ಇದು ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ. ಆದರೆ ಅರ್ಧ ಹೆಜ್ಜೆ. ಒಣಗಿದ ಫೆಬ್ರವರಿಯ 300 ಜನ ಬೇರೆ, ನೆನೆದ ಅಕ್ಟೋಬರ್‌ನ 300 ಜನ ಬೇರೆ. ಜೊತೆಗೆ, ಎಷ್ಟು ಜನ ಅನ್ನೋದನ್ನು ಜಾಲತಾಣ ಎಣಿಸಬಲ್ಲದು. ಎಲ್ಲಿ ಕಾಲಿಡಬೇಕು ಅಂತ ಹೇಳೋದಕ್ಕೆ ಆ ನೆಲ ಗೊತ್ತಿರುವ ಮನುಷ್ಯನೇ ಬೇಕು.

ಆಲ್ಪ್ಸ್‌ನಲ್ಲಿ ಮೋಂ ಬ್ಲಾಂ ಪರ್ವತವನ್ನು ಸುತ್ತುವ ದಾರಿ ಇದೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶ ಹಾದು ಸುಮಾರು 170 ಕಿ.ಮೀ. ಹತ್ತು ದಿನದ ನಡಿಗೆ. ಬೇಸಿಗೆಯಲ್ಲಿ ದನ ಮೇಯಿಸುವ ಹುಲ್ಲುಗಾವಲುಗಳ ನಡುವೆಯೇ ದಾರಿ. ರಾತ್ರಿ ತಂಗೋದು ಗುಡ್ಡದ ಮೇಲಿನ ಮನೆಗಳಲ್ಲಿ, ತಿನ್ನೋದು ಅಲ್ಲೇ ಮಾಡಿದ ಚೀಸ್. ಹಾಸಿಗೆ ಇದ್ದಷ್ಟೇ ಜನ. ಅಲ್ಲೂ ಗದ್ದಲವಿದೆ, ಕಸವಿದೆ. ಆದರೂ ನಡೆಯುವವನ ದುಡ್ಡು ದಾರಿಯ ಮೇಲಿನ ಮನೆಗೆ ತಲುಪುತ್ತೆ.

ಹಾಗಂತ ಇದು ನಮಗೆ ಹೊಸದೇನಲ್ಲ. ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತಿದವರಿಗೆಲ್ಲ ಗಿರಿಗದ್ದೆಯ ಭಟ್ಟರ ಮನೆ ಗೊತ್ತು. ದಶಕಗಳಿಂದ ಬಂದವರಿಗೆಲ್ಲ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿದ ಮನೆ ಅದು. ಯಾವ ಸರ್ಕಾರಿ ಯೋಜನೆಯೂ ಅದನ್ನು ಕಟ್ಟಲಿಲ್ಲ.

ನಮ್ಮ ಸೀಮೆಯ ಕಥೆ ಮಾತ್ರ ಉಲ್ಟಾ. ನಾಗರಹೊಳೆಯ ಒಂದೊಂದು ಕಾಲುದಾರಿಯನ್ನೂ ಬಲ್ಲ ಜೇನುಕುರುಬರನ್ನು ಕಾಡಿನಿಂದ ಎಬ್ಬಿಸಿ ಹುಣಸೂರಿನ ನಾಗಪುರದಂಥ ಪುನರ್ವಸತಿ ಕೇಂದ್ರಗಳಿಗೆ ತಂದರು. ಅದೇ ಕಾಡಿನೊಳಗಿನ ಮೂರ್ಕಲ್‌ನಲ್ಲಿ ತಾಜ್ ಸಮೂಹದ ರೆಸಾರ್ಟ್ ತಲೆ ಎತ್ತಲು ಹೊರಟಿತ್ತು. ಆದಿವಾಸಿಗಳು ಬೀದಿಗಿಳಿದರು, 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. 2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ, ಚಾರಣ ಎರಡನ್ನೂ ನಿಲ್ಲಿಸಲು ಸಚಿವರು ಆದೇಶಿಸಬೇಕಾಯ್ತು. ಪ್ರವಾಸಿಗೆ ಕಾಡು ತೆರೆಯೋದು, ಮುಚ್ಚೋದು ಎರಡೂ ಬೆಂಗಳೂರಿನಲ್ಲೇ ತೀರ್ಮಾನ. ಕಾಡಂಚಿನವನ ಪಾಲಿಗೆ ಉಳಿಯೋದು ಹುಲಿ ಮತ್ತು ಆನೆ.

ಹುಲಿ ಕಾಡಿನೊಳಗೆ ಹೊಸ ಚಾರಣ ದಾರಿ ಬೇಕು ಅಂತ ನಾನು ಕೇಳುತ್ತಿಲ್ಲ. ಅದು ಬೇಡವೇ ಬೇಡ. ಈಗಾಗಲೇ ಇರುವ ದಾರಿಗಳಿಗೆ ಮೂರು ಮಾತು ಸಾಕು. ಮಿತಿ ಋತುವಿಗೆ ತಕ್ಕಂತೆ ಬದಲಾಗಲಿ. ನೆಲ ನೆನೆದಿದ್ದರೆ 300 ಅನ್ನೋದು 100 ಆಗಲಿ. ಗೈಡ್ ಕೆಲಸ ಮೊದಲು ಆ ಬುಡದ ಹಾಡಿ, ಹಳ್ಳಿಗಳ ಯುವಕ ಯುವತಿಯರಿಗೆ ಸಿಗಲಿ, ತರಬೇತಿ ಮತ್ತು ನಿಗದಿತ ಕೂಲಿಯ ಜೊತೆ. ಟಿಕೆಟ್ ದುಡ್ಡಿನಲ್ಲಿ ಎಷ್ಟು ಪಾಲು ದಾರಿ ರಿಪೇರಿಗೆ, ಎಷ್ಟು ಊರಿಗೆ ಅನ್ನೋ ಲೆಕ್ಕ ಗ್ರಾಮಸಭೆಯಲ್ಲಿ ಓದಿ ಹೇಳಲಿ.

ದಾರಿಯಿಂದ ಅನ್ನ ತಿನ್ನುವವನು ದಾರಿ ಹಾಳಾಗಲು ಬಿಡಲ್ಲ. ಇಷ್ಟು ಸರಳ ಲೆಕ್ಕವನ್ನು ಜಾಲತಾಣ ಮಾಡಲಾರದು, ಸರ್ಕಾರವೇ ಮಾಡಬೇಕು. ಮುಂದಿನ ಬೇಸಿಗೆಯಲ್ಲಿ ಹುಣಸೂರಿನ ಸೇತುವೆ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿ. ಲಕ್ಷ್ಮಣತೀರ್ಥದಲ್ಲಿ ನೀರು ಎಷ್ಟಿದೆ ಅನ್ನೋದರಲ್ಲಿ ಬ್ರಹ್ಮಗಿರಿಯ ಆ ಹುಲ್ಲಿನ ಪಾಲೂ ಇರುತ್ತೆ.