ಯೋಗವೂ ಬೇಕು, ಕೂಲಿಯೂ ಬೇಕು

ಅರೆಕೆರೆಯಿಂದ ಬನ್ನೇರುಘಟ್ಟ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆದರೆ ಜಿಗಣಿಯ ಬಳಿ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವಿದೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಹೆಂಗಸರಿಗೆ ಯೋಗದಿಂದ ಏನು ಪ್ರಯೋಜನವೆಂದು ಈ ಸಂಸ್ಥೆಯವರು ಅಮೆರಿಕದ ಎಂ. ಡಿ. ಆಂಡರ್ಸನ್ ಆಸ್ಪತ್ರೆಯೊಡನೆ ಕೂಡಿ ಪರೀಕ್ಷಿಸಿದರು. ವಿಕಿರಣ ಚಿಕಿತ್ಸೆಯ ಆರು ವಾರ ಯೋಗ ಮಾಡಿದವರಿಗೆ ಆಯಾಸ ತಗ್ಗಿತು, ನಿತ್ಯದ ಕೆಲಸದ ಶಕ್ತಿ ಹೆಚ್ಚಿತು ಎಂದು 2014ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಬರಿಯ ಮೈಚಾಚುವ ವ್ಯಾಯಾಮದಿಂದಲೂ ಆಯಾಸ ತಗ್ಗಿತೆಂದು ಅದೇ ವರದಿ ಒಪ್ಪುತ್ತದೆ.

ಇಷ್ಟು ನಿಜ. ಯೋಗದಿಂದ ಗಡ್ಡೆಯೇ ಕರಗುತ್ತದೆಂಬುದು ಮಾತ್ರ ಸುಳ್ಳು. ಶಸ್ತ್ರಕ್ರಿಯೆ, ಔಷಧ, ವಿಕಿರಣ ಬಿಟ್ಟು ಆಸನವನ್ನೇ ನಂಬುವುದು ಪ್ರಾಣಕ್ಕೆ ಎರವಾಗುವ ದಾರಿ. ಶಸ್ತ್ರಕ್ರಿಯೆಯಾದ ಕಡೆಯ ತೋಳಿಗೆ ಯಾವ ಆಸನ ಸಲ್ಲುತ್ತದೆಂಬುದನ್ನೂ ವೈದ್ಯರನ್ನೇ ಕೇಳಬೇಕು.

ಆದರೆ ವಿಕಿರಣಕ್ಕೆಂದು ವಾರಕ್ಕೆ ಐದು ದಿನ ಆಸ್ಪತ್ರೆಗೆ ಅಲೆಯುವ ಗಾರ್ಮೆಂಟ್ ಕಾರ್ಖಾನೆಯ ಹೆಂಗಸು, ಕೂಲಿಯನ್ನೂ ಕಳೆದುಕೊಂಡು, ಯೋಗಕ್ಕೆ ಬಿಡುವನ್ನೆಲ್ಲಿಂದ ತಂದಾಳು? ಎರಡು ವರ್ಷ ಸತತವಾಗಿ ಇ.ಎಸ್.ಐ. ವಿಮೆಯಲ್ಲಿದ್ದವರಿಗೆ ಕ್ಯಾನ್ಸರ್ ಬಂದರೆ ಕೂಲಿಯ ನೂರಕ್ಕೆ 80ರಷ್ಟನ್ನು ಎರಡು ವರ್ಷಗಳವರೆಗೂ ಕೊಡಲು ನಿಯಮವಿದೆ. ಕಾರ್ಮಿಕ ಬಂಧುಗಳು ಇದನ್ನು ಹಕ್ಕಿನಿಂದ ಕೇಳಿ ಪಡೆಯಬೇಕು. ಅಂಗಡಿಯ ಬಾಗಿಲು ಹಾಕಿದರೆ ಒಲೆಯೂ ಆರುವ ಸಣ್ಣ ವ್ಯಾಪಾರಿಗೆ ಈ ಆಸರೆಯೂ ಇಲ್ಲ; ಅವರಿಗೂ ಇಂಥದೊಂದು ಏರ್ಪಾಡು ಆಗಬೇಕು.

ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡ ರೋಗಿಗಳೆಲ್ಲರಿಗೂ, ಚಿಕಿತ್ಸೆಗೆ ಬಂದ ದಿನವೇ, ಅದೇ ಆವರಣದಲ್ಲಿ, ಕಾಸಿಲ್ಲದೆ ಯೋಗ ಕಲಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಉಳ್ಳವರ ಮನೆಯಂಗಳದಲ್ಲೇ ನಿಂತ ವಿದ್ಯೆಯಿಂದ ದುಡಿಯುವವರಿಗೆ ಬಂದ ಭಾಗ್ಯವೇನು?