ಹಳೇ ಫಿಲ್ಮ್ ಕ್ಯಾಮೆರಾ ಕೊಳ್ಳುವಾಗ ಹೆಸರು ನೋಡಬೇಕೋ, ಸ್ಥಿತಿ ನೋಡಬೇಕೋ?

“ಈ ಕ್ಯಾಮೆರಾ ಕೈಯಲ್ಲಿದ್ರೆ ಸಾಕು, ಬೀದಿ ಫೋಟೋ ತಾನಾಗೇ ಚೆನ್ನಾಗಿ ಬರುತ್ತೆ.” ಇಂಥ ಸಾಲಿನ ಜೊತೆ ಹಳೇ ಫಿಲ್ಮ್ ಕ್ಯಾಮೆರಾದ ಚಿತ್ರವೊಂದು ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮಲ್ಲೊಬ್ಬರು ಅದನ್ನು ನಂಬಿ, ಹೆಸರುವಾಸಿಯಾದ ಪುಟ್ಟ ಕ್ಯಾಮೆರಾವೊಂದನ್ನು ಆನ್‌ಲೈನ್‌ನಲ್ಲಿ ಕೊಂಡರು. ಎರಡನೇ ರೋಲ್ ಮುಗಿಯುವ ಮೊದಲೇ ಅದು ನಿಂತುಹೋಯಿತು. “ಸರ್ಕ್ಯೂಟ್ ಹೋಗಿದೆ, ಪಾರ್ಟ್ಸ್ ಸಿಗಲ್ಲ” ಎಂದು ರಿಪೇರಿಯವರು ಕೈಚೆಲ್ಲಿದರು. ಅರ್ಧ ತಿಂಗಳ ಸಂಬಳ ಅಲ್ಲಿಗೆ ಹೋಯಿತು. ಹೀಗಾಗದಂತೆ ಆಯ್ಕೆ ಮಾಡುವುದು ಹೇಗೆ? ನೋಡೋಣ.

ಬೀದಿ ಫೋಟೋಗೆ ಚಿಕ್ಕ ಕ್ಯಾಮೆರಾ ಏಕೆ?

ದೊಡ್ಡ ಕ್ಯಾಮೆರಾ ಕಂಡರೆ ಜನ ಸೆಟೆದು ನಿಲ್ಲುತ್ತಾರೆ, ಇಲ್ಲವೇ ಮುಖ ತಿರುಗಿಸುತ್ತಾರೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸ್ಸೋ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪ್ ಅಂಟಿಸುತ್ತಿದ್ದುದು ಇದಕ್ಕಾಗಿಯೇ. ಸದ್ದಿನ ವಿಷಯವೂ ಇದೆ. ಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಕನ್ನಡಿ ಪ್ರತಿ ಫೋಟೋಗೂ ಮೇಲೆದ್ದು ಬಡಿಯುತ್ತದೆ. ಹಳೆಯ ಪುಟ್ಟ ಕ್ಯಾಮೆರಾಗಳಲ್ಲಿ ಕನ್ನಡಿಯಿಲ್ಲ. ಹಲವುಗಳಲ್ಲಿ ಶಟರ್ ಲೆನ್ಸ್‌ನೊಳಗೇ ಇರುವುದರಿಂದ ಸಣ್ಣ ‘ಟಿಕ್’ ಮಾತ್ರ ಕೇಳಿಸುತ್ತದೆ.

ಬೆಲೆ ಹೆಚ್ಚಾದರೆ ಬಾಳಿಕೆಯೂ ಹೆಚ್ಚೇ?

ಇಲ್ಲ. 1990ರಲ್ಲಿ ಬಂದ ಕಾಂಟ್ಯಾಕ್ಸ್ ಟಿ2 ನೋಡಿ. 2017ರಲ್ಲಿ ಮಾಡೆಲ್ ಕೆಂಡಲ್ ಜೆನ್ನರ್ ಅಮೆರಿಕದ ಟಿವಿ ಕಾರ್ಯಕ್ರಮವೊಂದಕ್ಕೆ ಇದನ್ನು ತಂದ ಮೇಲೆ ಬೇಡಿಕೆ, ಬೆಲೆ ಎರಡೂ ಏರಿದವು. ಕ್ಯಾಮೆರಾ ಮಾತ್ರ ಅದೇ ಹಳೆಯದು. ಅದನ್ನು ತಯಾರಿಸುತ್ತಿದ್ದ ಕ್ಯೋಸೆರಾ ಕಂಪನಿ ಆ ವ್ಯವಹಾರವನ್ನೇ ಬಿಟ್ಟಿದೆ. 1997ರ ಒಲಿಂಪಸ್ ಮ್ಯೂ-2 ಕೂಡ ಒಳ್ಳೆಯ ಲೆನ್ಸ್ ಇರುವ, ಜೇಬಿಗೆ ಹಿಡಿಸುವ ಕ್ಯಾಮೆರಾ. ಆದರೆ ಇವೆರಡರಲ್ಲೂ ಫೋಕಸ್, ಶಟರ್, ಫಿಲ್ಮ್ ಸುತ್ತುವಿಕೆ ಎಲ್ಲವೂ ಎಲೆಕ್ಟ್ರಾನಿಕ್. ಸರ್ಕ್ಯೂಟ್ ಕೆಟ್ಟರೆ ಹೊಸ ಬಿಡಿಭಾಗವಿಲ್ಲ. ಇನ್ನೊಂದು ಕೆಟ್ಟ ಕ್ಯಾಮೆರಾದಿಂದ ಕಿತ್ತು ಹಾಕಬೇಕಷ್ಟೆ.

ಕಡಿಮೆ ದುಡ್ಡಿಗೆ ಯಾವುದು?

ನಮ್ಮ ಮೊದಲ ಸಲಹೆ ಒಲಿಂಪಸ್ ಟ್ರಿಪ್ 35. 1967ರಿಂದ 1984ರವರೆಗೆ ತಯಾರಾದ ಇದಕ್ಕೆ ಬ್ಯಾಟರಿಯೇ ಬೇಡ. ಲೆನ್ಸ್ ಸುತ್ತ ಇರುವ ಸೆಲೆನಿಯಂ ಪಟ್ಟಿಯ ಮೇಲೆ ಬೆಳಕು ಬಿದ್ದಾಗ ಅಲ್ಪ ವಿದ್ಯುತ್ ಹುಟ್ಟುತ್ತದೆ. ಅದರಿಂದಲೇ ಕ್ಯಾಮೆರಾ ಬೆಳಕನ್ನು ಅಳೆದು, ಲೆನ್ಸ್‌ನ ಕಿಂಡಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಬೆಳಕು ಸಾಲದಿದ್ದರೆ ಕಿಟಕಿಯಲ್ಲಿ ಕೆಂಪು ಪಟ್ಟಿ ಕಾಣುತ್ತದೆ, ಶಟರ್ ಒತ್ತಲಾಗುವುದಿಲ್ಲ.

ಫೋಕಸ್‌ಗೆ ನಾಲ್ಕು ಚಿತ್ರಗಳಿವೆ. ಗುಂಪಿನ ಚಿತ್ರಕ್ಕೆ ತಿರುಗಿಸಿದರೆ ಸುಮಾರು 3 ಮೀಟರ್ ದೂರಕ್ಕೆ ಫೋಕಸ್ ಆಗುತ್ತದೆ. ಇದರ 40 ಮಿಮೀ ಲೆನ್ಸ್‌ನ ಕಿಂಡಿ ಎಫ್/8ರಲ್ಲಿದ್ದಾಗ ಸುಮಾರು 2ರಿಂದ 5 ಮೀಟರ್ ನಡುವಿನ ಎಲ್ಲವೂ ಸ್ಪಷ್ಟ. ಬಿಸಿಲು ಹೆಚ್ಚಿದಷ್ಟೂ ಕಿಂಡಿ ಕಿರಿದಾಗಿ ಈ ಅಂತರ ಇನ್ನೂ ಹಿಗ್ಗುತ್ತದೆ. ಅಂದರೆ ಸಂತೆಯಲ್ಲಿ ನಿಂತು ಪ್ರತಿ ಸಲ ಫೋಕಸ್ ಮಾಡಬೇಕಿಲ್ಲ, ಎತ್ತಿ ಒತ್ತಿದರೆ ಸಾಕು. ಮಿತಿಯೂ ಇದೆ: ಶಟರ್ ವೇಗ ಎರಡೇ, 1/40 ಮತ್ತು 1/200 ಸೆಕೆಂಡ್. ರಾತ್ರಿಯ ಬೀದಿಗೆ ಇದು ಹೊಂದದು.

ಮಬ್ಬುಬೆಳಕಲ್ಲೂ ತೆಗೆಯಬೇಕೆಂದರೆ ಎಫ್/1.7 ಲೆನ್ಸ್ ಇರುವ ಕ್ಯಾನನೆಟ್ ಕ್ಯೂಎಲ್17 ಜಿ-3 (1972) ನೋಡಿ. ತುಸು ಭಾರ, ಆದರೆ ಬ್ಯಾಟರಿ ಇಲ್ಲದಿದ್ದರೂ ವೇಗ, ಕಿಂಡಿಗಳನ್ನು ಕೈಯಲ್ಲೇ ಹೊಂದಿಸಿ ಫೋಟೋ ತೆಗೆಯಬಹುದು. ಇದರ ಮೀಟರ್‌ಗೆ ಬೇಕಾದ 1.35 ವೋಲ್ಟ್ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. 1.5 ವೋಲ್ಟ್‌ನದು ಹಾಕಿದರೆ ಅಳತೆ ತಪ್ಪಬಹುದು. ಕಿವಿಯ ಹಿಯರಿಂಗ್ ಏಡ್‌ಗೆ ಹಾಕುವ 675 ನಂಬರ್ ಬ್ಯಾಟರಿ ಸುಮಾರು 1.4 ವೋಲ್ಟ್ ಇರುವುದರಿಂದ ಹಲವರು ಅದನ್ನೇ ಬಳಸುತ್ತಾರೆ.

ದುಡ್ಡು ಕೊಡುವ ಮುನ್ನ ಏನು ನೋಡಬೇಕು?

• ಲೆನ್ಸ್‌ಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಜೇಡರಬಲೆಯಂಥ ಎಳೆ ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಕ್ಯಾಮೆರಾಗಳಿಗೆ ಇದು ಸಾಮಾನ್ಯ ಕಾಟ.

• ಹಿಂಬಾಗಿಲು ತೆರೆದು ಅಂಚಿನ ಸ್ಪಾಂಜ್ ಪಟ್ಟಿ ಮುಟ್ಟಿ. ಅಂಟಂಟಾಗಿದ್ದರೆ ಬೆಳಕು ಸೋರಿ ಫಿಲ್ಮ್ ಹಾಳಾಗುತ್ತದೆ. ಕಡಿಮೆ ಖರ್ಚಿನಲ್ಲಿ ಬದಲಿಸಬಹುದು, ಹೆದರಬೇಡಿ.

• ಟ್ರಿಪ್ 35 ಆದರೆ ‘ಎ’ಗೆ ತಿರುಗಿಸಿ, ಲೆನ್ಸ್ ಮತ್ತು ಸೆಲೆನಿಯಂ ಪಟ್ಟಿಯನ್ನು ಅಂಗೈಯಿಂದ ಮುಚ್ಚಿ ಒತ್ತಿ. ಕೆಂಪು ಪಟ್ಟಿ ಏಳಬೇಕು. ಬೆಳಕಿಗೆ ಹಿಡಿದರೆ ಶಟರ್ ಕೆಲಸ ಮಾಡಬೇಕು.

• ಆನ್‌ಲೈನ್ ಖರೀದಿಯಾದರೆ ಈ ಪರೀಕ್ಷೆಗಳ ವಿಡಿಯೋ ಕೇಳಿ. “ವರ್ಕಿಂಗ್ ಕಂಡಿಷನ್” ಎಂಬ ಮಾತಷ್ಟೇ ಸಾಲದು.

ಒಂದು ಕ್ಲಿಕ್‌ಗೆ ಎಷ್ಟು?

ನಿಜವಾದ ಖರ್ಚು ಶುರುವಾಗುವುದು ಕ್ಯಾಮೆರಾ ಕೊಂಡ ಮೇಲೆ. ರೋಲ್, ಅದನ್ನು ತೊಳೆಸುವುದು, ಸ್ಕ್ಯಾನ್ ಸೇರಿ 1,440 ರೂ. ಆಯಿತೆಂದುಕೊಳ್ಳೋಣ. 36 ಫೋಟೋಗಳಿಗೆ ಹಂಚಿದರೆ ಒಂದಕ್ಕೆ 40 ರೂ. ನಿಮ್ಮೂರಿನ ದರ ಹಾಕಿ ಲೆಕ್ಕ ಮಾಡಿ. ಕಪ್ಪು-ಬಿಳುಪು ಫಿಲ್ಮ್ ಆದರೆ ಮನೆಯಲ್ಲೇ ತೊಳೆಯಲು ಕಲಿತು ಖರ್ಚು ಇಳಿಸಬಹುದು.

ಕೊನೆಯದಾಗಿ, ಮೊದಲು ಮನೆಯ ಬೀರು ತೆರೆದು ನೋಡಿ. ಹಿಂದೆ ಮದುವೆ-ಮುಂಜಿ, ಪ್ರವಾಸಗಳಿಗೆ ಬಳಸಿದ ಯಾಶಿಕಾ ಎಂಎಫ್-2 ಅಥವಾ ಕೊಡಕ್ ಕೆಬಿ-10 ಸಿಕ್ಕರೂ ಸಿಗಬಹುದು. ಫೋಕಸ್ ಹೊಂದಿಸುವ ಗೋಜೇ ಇಲ್ಲದ ಅವುಗಳಲ್ಲಿ ಒಂದು ರೋಲ್ ಮುಗಿಸಿ. ಇನ್ನೊಂದು ರೋಲ್ ಹಾಕಬೇಕು ಅನ್ನಿಸಿದರೆ ಆಗ ಕ್ಯಾಮೆರಾ ಹುಡುಕಿ. “ಇದೇ ಬೆಸ್ಟ್ ಕ್ಯಾಮೆರಾ” ಎಂಬ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇದು ಕೆಟ್ಟರೆ ಸರಿಮಾಡುವವರು ಸಿಗುತ್ತಾರಾ?