ಅಂಗಳದಾಗಿನ ಜೋಂಗಾ: ಬ್ಯಾಡ ಅನಬ್ಯಾಡ್ರಿ, ಲೆಕ್ಕ ಕೇಳ್ರಿ

ನಮ್ಮ ಸಣ್ಣ ನಾದಿನಿ ಮಗ, ಮಿಲಿಟರಿಯವರು ಲಿಲಾವಿನ್ಯಾಗ ಮಾರಿದ ಒಂದು ಹಳೇ ನಿಸಾನ್ ಒನ್-ಟನ್ ಗಾಡಿ ತೊಗೋತೀನಿ ಅಂತ ಹಟ ಹಿಡದು ಕೂತಾನ. ನಾದಿನಿ ನನಗ ಕೇಳಿದ್ಲು, "ವೈನಿ, ನಿಮ್ಮ ಮನ್ಯಾಗ ಹನ್ನೊಂದು ವರ್ಷದಿಂದ ಅಂಥಾದ್ದೊಂದು ನಿಂತದ. ಹೂಂ ಅನ್ಲೋ, ಬ್ಯಾಡ ಅನ್ಲೋ?" ಆಕಿ ಒಬ್ಬಾಕಿಗೇ ಹೇಳೋದಕ್ಕಿಂತಾ ಇಲ್ಲೇ ಬರದ್ರ ಎಲ್ಲಾರಿಗೂ ಆತು. ಯಾಕಂದ್ರ ಇಂಥಾ ಹೌಸು ಇರೋ ಗಂಡಸರು ನಮ್ಮ ಬೆಳಗಾವಿ ಕಡೆ ಓಣಿಗೊಬ್ಬರಾದ್ರೂ ಸಿಗ್ತಾರ. ದಂಡಿನ ಊರು ನಮ್ಮದು, ಸಣ್ಣವರಿದ್ದಾಗಿಂದ ಹಸರು ಲಾರಿ ನೋಡ್ಕೋತ ಬೆಳದವರು.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಬ್ಯಾಡ ಅನಬ್ಯಾಡ್ರಿ. ಆದ್ರ ಶರ್ತ ಹಾಕದನ ಹೂಂ ಅನ್ನಲೂಬ್ಯಾಡ್ರಿ.

ನಮ್ಮನ್ಯಾಗಿರೋದು ಜೋಂಗಾ, 1974ರದು. ಈ ಹೆಸರು ಕೇಳಿ ಅದೇನು ಆಫ್ರಿಕಾದ್ದೇನ್ರಿ ಅಂತ ಕೇಳಿದವರಿದ್ದಾರ. ಅಲ್ಲ. ಜಬಲ್ಪುರ್ ಆರ್ಡನನ್ಸ್ ಆ್ಯಂಡ್ ಗನ್‌ ಕ್ಯಾರೇಜ್ ಅಸೆಂಬ್ಲಿ ಅನ್ನೋ ಉದ್ದನ್ನ ಹೆಸರನ್ನ ಮುರದು ಮಾಡಿದ್ದು ಅದು. ಜಪಾನಿನ ನಿಸಾನ್ ಪೆಟ್ರೋಲ್ ಗಾಡಿಯ ಲೈಸೆನ್ಸ್ ತೊಗೊಂಡು ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯೊಳಗ 1969ರಿಂದ ಸುಮಾರು ಮೂವತ್ತು ವರ್ಷ ಮಾಡಿದ್ರು. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, 3956 ಸಿಸಿ. ಅಂದ್ರ ಈಗಿನ ನಾಲ್ಕು ಸಣ್ಣ ಕಾರಿನ ಇಂಜಿನ್ ಒಂದರಾಗ ಕೂಡಿಸಿದಷ್ಟು. ಕ್ರಿಕೆಟಿನ ಧೋನಿ 2019ರಾಗ ಇಂಥಾದ್ದೊಂದು ತೊಗೊಂಡಮ್ಯಾಲೆ ನಮ್ಮ ಹುಡುಗರಿಗೂ ಇದರ ಮ್ಯಾಲೆ ಗೌರವ ಬಂತು. ಅಲ್ಲೀತನಕಾ ಅವರ ಪಾಲಿಗೆ ಇದು "ಅಜ್ಜನ ಡಬ್ಬಿ".

ಅಜ್ಜ ಅಂದ್ರ ನಮ್ಮ ಮಾವನವರು. ಫೌಜಿನ್ಯಾಗ ಡ್ರೈವರ್ ಆಗಿದ್ರು, ಶಕ್ತಿಮಾನ್ ಲಾರಿ ಓಡಿಸಿದವರು. ಶಕ್ತಿಮಾನೂ ಜಬಲ್ಪುರದ್ದ. ಜರ್ಮನಿಯ ಮಾನ್ ಕಂಪನಿ ಲೈಸೆನ್ಸಿನ್ಯಾಗ 1959ರಿಂದ ಮಾಡ್ಲಿಕ್ಕೆ ಚಾಲೂ ಮಾಡಿದ್ರು, 1971ರ ಯುದ್ಧದಾಗ ನಮ್ಮ ಸೈನ್ಯದ ಬೆನ್ನ ಮ್ಯಾಲಿನ ಹೊರಿ ಹೊತ್ತದ್ದು ಅದು. ಮಾವನವರು ಯುದ್ಧದ ಸುದ್ದಿ ಎಂದೂ ಹೇಳ್ತಿದ್ದಿಲ್ಲ. ಆದ್ರ ನಮ್ಮನಿಯವರು ಜೋಂಗಾದ ಕೆಳಗ ಮಲಕೊಂಡು ಗ್ರೀಸ್ ಹೊಡಿಯೋ ಮುಂದ ಖುರ್ಚಿ ಹಾಕ್ಕೊಂಡು ಕೂತು, "ಎಡಗಡೆದು ಬಿಟ್ಟಿ ನೋಡು" ಅಂತ ಚಾಲೂ ಮಾಡಿದ್ರ, ಅಲ್ಲಿಂದ ಲೇಹ್‌ ರಸ್ತೆ, ಹಿಮ, ಸಂಗಾತಿಗಳು ಎಲ್ಲಾ ತಾನ ಹೊರಗ ಬರತಿತ್ತು. ಅಪ್ಪ ಮಗ ಮುಖಾ ನೋಡಿ ಮಾತಾಡೋ ಮನಿ ಅಲ್ಲ ನಮ್ಮದು. ಗಾಡಿ ನೋಡ್ಕೋತ ಮಾತಾಡಿದ್ರು. ಇದಕ್ಕ ಬೆಲಿ ಕಟ್ಟಲಿಕ್ಕೆ ನನಗ ಬರಂಗಿಲ್ಲ.

ಹಳೇದನ್ನ ಇಟಗೊಂಡು ಕೂಡೋದು ಹುಚ್ಚು ಅಂತ ನೀವಂದ್ರ ನಾ ಒಪ್ಪಂಗಿಲ್ಲ. ನಾವೇನು ಕಮ್ಮಿ ಏನು? ಅಜ್ಜಿ ಹೊಲದ ಕೌದಿ ಹರದ್ರ ಮತ್ತೊಂದು ತುಂಡು ಹಚ್ಚಿ ಹೊಲೀತೀವಿ. ತವರಮನಿಯಿಂದ ಬಂದ ತಾಮ್ರದ ಹಂಡೆಕ್ಕ ವರ್ಷಾ ಕಲಾಯಿ ಮಾಡಸ್ತೀವಿ. ಮಿಕ್ಸರ್ ಬಂದು ನಲವತ್ತು ವರ್ಷ ಆದ್ರೂ ಒಳಕಲ್ಲು ಹೊರಗ ಹಾಕಿಲ್ಲ. ಬಿಚ್ಚಿ, ತೊಳದು, ರಿಪೇರಿ ಮಾಡಿ ಮತ್ತ ಬಳಸೋ ಸಾಮಾನು ಮನ್ಯಾಗಿರೋದು ಛಲೋ. ಜೋಂಗಾದ ಬಾನೆಟ್ ತಗದ್ರ ಎಲ್ಲಾ ಕಣ್ಣಿಗೆ ಕಾಣತದ: ಇದು ಕಾರ್ಬುರೇಟರ್, ಇದು ಡಿಸ್ಟ್ರಿಬ್ಯೂಟರ್, ಇದು ಪೆಟ್ರೋಲ್ ಪಂಪ್. ಪಾನಾ ಹಿಡಿಯಲಿಕ್ಕೆ ಬಂದ್ರ ಸಾಕು, ಲ್ಯಾಪ್‌ಟಾಪ್ ಹಚ್ಚಿ ನೋಡೋದು ಬ್ಯಾಡ. ನನ್ನ ಮಗಳು ಪ್ಲಗ್ ಬಿಚ್ಚಿ ತೊಳದು ಹಾಕಲಿಕ್ಕೆ ಕಲತದ್ದು ಏಳನೇತ್ತದಾಗ. ಅದು ಯಾವ ಟ್ಯೂಶನ್ನಿನ್ಯಾಗೂ ಸಿಗಂಗಿಲ್ಲ.

ಆದ್ರ ಗಂಡಸರು ಹೌಸಿನ್ಯಾಗ ಒಂದು ಮಾತು ಮರೀತಾರ. ಗಾಡಿ ಹೊಸಾದರ ಗತೆ ಮಾಡೋದು ಮದುವಿ ಇದ್ದಂಗ. ಮಂದಿ ಸೇರ್ತಾರ, ಫೋಟೋ ತಗೀತಾರ, ಉಂಡು ಹೋಗ್ತಾರ. ಅದನ್ನ ಇಟಗೊಂಡು ನಡಸೋದು ಸಂಸಾರ. ಅದಕ್ಕ ಯಾರೂ ಬರಂಗಿಲ್ಲ. ನಮ್ಮ ಮನಿ ವಹಿಯೊಳಗ ಲೆಕ್ಕಾ ಅದ: ಗಾಡಿಗೆ ಕೊಟ್ಟದ್ದಕ್ಕಿಂತಾ ಎರಡು ಪಟ್ಟು ರೊಕ್ಕಾ ಅದನ್ನ ರಸ್ತೆಕ್ಕ ತರಲಿಕ್ಕೆ ಹೋತು. ಆಮ್ಯಾಲಿನ ಖರ್ಚು ಇನ್ನೂ ನಿಂತಿಲ್ಲ, ನಿಂದ್ರೋದೂ ಇಲ್ಲ. ಎಮ್ಮಿ ಕೊಂಡಮ್ಯಾಲೆ ಹಿಂಡಿ ಹಾಕಬೇಕಲ್ಲಾ, ಹಂಗ.

ಮತ್ತೊಂದು, ಇಂಥಾ ಗಾಡಿ ಓಡಿ ಕೆಡಂಗಿಲ್ಲ, ನಿಂತು ಕೆಡತದ. ಇದು ನನ್ನ ಹನ್ನೊಂದು ವರ್ಷದ ಅನುಭವದ ಮಾತು. ಟಾಕಿಯೊಳಗಿನ ಪೆಟ್ರೋಲ್ ತಿಂಗಳಗಟ್ಟಲೆ ಹಂಗ ಬಿಟ್ರ ಅಂಟಾಗಿ ಕಾರ್ಬುರೇಟರಿನ ಸಣ್ಣ ಸಣ್ಣ ತೂತು ಕಟಗೋತಾವ. ಬ್ರೇಕ್ ಆಯಿಲ್, ಮಳಿಗಾಲದಾಗ ಮುಚ್ಚಳಾ ತಗದಿಟ್ಟ ಉಪ್ಪಿನಂಗ, ಗಾಳ್ಯಾಗಿನ ಹಸಿ ಎಳಕೋತದ. ಆಮ್ಯಾಲೆ ಒಳಗಿಂದ ಒಳಗ ಸಿಲಿಂಡರ್ ಜಂಗ್ ಹಿಡೀತದ, ಬ್ರೇಕ್ ಹಿಡಿಯಂಗಿಲ್ಲ. ಅದಕ್ಕ ಎರಡು ವರ್ಷಕ್ಕೊಮ್ಮೆ ಅದನ್ನ ಪೂರಾ ಬದಲಿ ಮಾಡಬೇಕು, ಗಾಡಿ ಓಡಿರಲಿ ಬಿಡಲಿ. ಇನ್ನ ಇಲಿ. ನಮ್ಮ ಬೆಳಗಾವಿ ಮಳಿಯೊಳಗ ಬೆಚ್ಚನ್ನ ಜಾಗಾ ಹುಡುಕಿ ಬಂದು ವಾಯರ್ ಕಡದು ಹಾಕತಾವ.

ಈಗ ಹೊಸಾ ತಲಿಬ್ಯಾನಿ ಪೆಟ್ರೋಲಿಂದ. ಪಂಪಿನ್ಯಾಗ ಸಿಗೋದರಾಗ ನೂರಕ್ಕ 20 ಪಾಲು ಎಥನಾಲ್ ಇರತದ. ನಮ್ಮ ಜಿಲ್ಲಾದ ಸಕ್ಕರಿ ಫ್ಯಾಕ್ಟರಿಗಳಿಂದನ ಬರತದ, ಕಬ್ಬು ಬೆಳೆಯೋ ನಮ್ಮ ಅಣ್ಣತಮ್ಮಂದ್ರಿಗೆ ಛಲೋನ ಆತು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಐವತ್ತು ವರ್ಷದ ಹಿಂದಿನ ರಬ್ಬರ್ ನಳಿಗೆ ಇದು ಹೊಂದಂಗಿಲ್ಲ. ಎಥನಾಲ್ ನೀರು ಎಳಕೋತದ, ಹಳೇ ರಬ್ಬರ್ ಉಬ್ಬಿಸಿ ಬಿರುಕು ಬಿಡಸತದ. ಬಿರುಕು ಬಿಟ್ಟ ನಳಿ ಬಿಸಿ ಇಂಜಿನ್ ಮ್ಯಾಲೆ ಸೋರಿದ್ರ ಏನಾಗತದ ಅಂತ ಅಡಗಿ ಮಾಡೋರಿಗೆ ಹೇಳಬೇಕೇನು? ಗ್ಯಾಸಿನ ನಳಿ ಹ್ಯಾಂಗ ತಾರೀಖು ನೋಡಿ ಬದಲಿ ಮಾಡಸ್ತೀವೋ ಹಂಗ ಗಾಡಿ ನಳಿನೂ ಬದಲಿ ಆಗಬೇಕು. ಎಥನಾಲಿಗೆ ತಡಿಯೋ ನಳಿ ಅಂತನ ಕೇಳಿ ತರಬೇಕು.

ಈಗ ನನಗ ಎಲ್ಲಾಕಿಂತಾ ಮುಖ್ಯ ಅನಸಿದ್ದು ಹೇಳ್ತೀನಿ. ಇದನ್ನ ಗಂಡಸರು ತಾವಾಗಿ ಹೇಳಂಗಿಲ್ಲ, ಎಷ್ಟೋ ಮಂದಿಗೆ ಗೊತ್ತೂ ಇರಂಗಿಲ್ಲ. ಹಳೇ ಗಾಡಿಗಳ ಬ್ರೇಕ್ ಶೂ, ಕ್ಲಚ್ ಪ್ಲೇಟಿನೊಳಗ ಕಲ್ನಾರು, ಅಂದ್ರ ಆಸ್ಬೆಸ್ಟಾಸ್, ಇರತಿತ್ತು. ಡ್ರಮ್ ಬಿಚ್ಚಿ ಬಾಯಿಲೆ ಊದಿದ್ರ, ಇಲ್ಲಾ ಗಾಳಿ ಹೊಡದ್ರ, ಆ ಧೂಳು ಏಳತದ. ಪುಪ್ಪುಸದೊಳಗ ಹೋದ್ರ ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಕ್ಯಾನ್ಸರ್ ಆಗಿ ಹೊರಗ ಬರಬಹುದು. ಬರೇ ಕೆಲಸ ಮಾಡಿದವರಿಗಲ್ಲ, ಅವರ ಅರಬಿ ಝಾಡಿಸಿ ಒಗದ ಹೆಂಡತಿಗೂ ಬಂದದ್ದು ಡಾಕ್ಟರು ಕಂಡಾರ. ಹಳೇ ಬಣ್ಣದಾಗ ಸೀಸ ಇರತದ. ಅದನ್ನ ತಿಕ್ಕಿ ತಗಿಯೋ ಮುಂದಿನ ಧೂಳು ಸಣ್ಣ ಮಕ್ಕಳ ಮಿದುಳಿಗೆ ವಿಷ.

ಹಂಗಾಗಿ ನಮ್ಮ ಮನಿ ಕಾಯದೆ ಹಿಂಗದ: ಬ್ರೇಕ್ ಕೆಲಸ ಒದ್ದಿ ಅರಬಿಲೆ ಒರಸಿನ ಮಾಡಬೇಕು, ಊದೂಹಂಗಿಲ್ಲ. ಹಳೇ ಶೂ ಒಗದು ಆಸ್ಬೆಸ್ಟಾಸ್ ಇಲ್ಲದ್ದು ಹಾಕಬೇಕು. ಬಣ್ಣ ನೀರು ಹಚ್ಚಿ ತಿಕ್ಕಬೇಕು, ಮಾಸ್ಕ್ ಇರಬೇಕು, ಹುಡುಗರು ಹತ್ರ ಬರಬಾರದು. ಕೆಲಸದ ಅಂಗಿ-ಪ್ಯಾಂಟ್ ಗ್ಯಾರೇಜಿನ್ಯಾಗನ ಬಿಚ್ಚಿ, ನೀರಿನ ಬಕೀಟಿನ್ಯಾಗ ಹಾಕಿ ಒಳಗ ಬರಬೇಕು. ಉಳದ ಅರಬಿ ಕೂಡ ಅದನ್ನ ನಾ ಒಗಿಯಂಗಿಲ್ಲ. ಡಬ್ಬಿಯೊಳಗ ಪೆಟ್ರೋಲ್ ತುಂಬಿ ಮನ್ಯಾಗ ಇಡೂಹಂಗಿಲ್ಲ. ಇದಕ್ಕ ನಮ್ಮನಿಯವರು ಮೊದಲ ಮುಖಾ ಉಬ್ಬಿಸಿದ್ರು. ಉಬ್ಬಿಸಲಿ. ನಾ ಬಗ್ಗಲಿಲ್ಲ.

ಕಾಯದೆ ಅಂದಮ್ಯಾಲೆ ಸರಕಾರದ್ದೂ ಕೇಳ್ರಿ. ಎಲ್ಲಾ ಹುಡುಗರಿಗೂ ಮಿಲಿಟರಿ ಹಸರು ಬಣ್ಣಾನ ಹೊಡಸಬೇಕು ಅಂತ ಆಶಾ. ಬರಂಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮದ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆ ಗಾಡಿಗಷ್ಟ ಆಲಿವ್ ಹಸರು. ಮ್ಯಾಲೆ ಬಾಣದ ಗುರುತಿನ ನಂಬರ್ ಪ್ಲೇಟೂ ಸೈನ್ಯದ್ದ. ನಮ್ಮ ಜೋಂಗಾಕ್ಕ ಬೂದಿ ಬಣ್ಣ ಹೊಡಿಸಿದಾಗ ಮಾವನವರು, "ಸಿಪಾಯಿಗೆ ಸಫಾರಿ ತೊಡಿಸಿದಂಗ ಆತು" ಅಂದ್ರು. ಆದ್ರೂ ಅವರ ಹೇಳಿದ್ರು, ನಿಯಮ ಖರೇ ಅದ ಅಂತ. ಕ್ಯಾಂಪಿನ ಗೇಟಿನ ಮುಂದ ಯಾವ ಗಾಡಿ ತಮ್ಮದು, ಯಾವುದಲ್ಲ ಅಂತ ಪಹರೆಯವಗ ಗೊತ್ತಾಗಬೇಕಲ್ಲ. ದೇಶಪ್ರೇಮ ಬಣ್ಣದಾಗಿಲ್ಲ ಅನ್ನೋದು ನನ್ನ ಮಾತೂ ಹೌದು.

ಐವತ್ತು ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಬಂದದ. 20,000 ರೂಪಾಯಿ ಫೀ, ಹತ್ತು ವರ್ಷದ ಮುದತ್ತು, ಆಮ್ಯಾಲೆ ಮತ್ತ ಮಾಡಸಲಿಕ್ಕೆ 5,000. ನಂಬರಿನ್ಯಾಗ ವಿಎ ಅಂತ ಅಕ್ಷರ ಬರತಾವ. ಆದ್ರ ಅಂಥಾ ಗಾಡಿ ದಿನಾ ಸಂತಿಗೆ ಒಯ್ಯೂಹಂಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಸೋದು, ರಿಪೇರಿ, ಇಷ್ಟಕ್ಕ ಹೊರಗ ತರಬಹುದು. ಮುಖ್ಯ ಅಂದ್ರ ಗಾಡಿ ಮೂಲ ರೂಪದಾಗ ಇರಬೇಕು, ಚಾಸಿ, ಬಾಡಿ, ಇಂಜಿನ್ ಬದಲಿ ಮಾಡಿರಬಾರದು.

ಇಲ್ಲೇ ನಮ್ಮ ಮನ್ಯಾಗ ಜಗಳ. ಭಾವನವರು ಅಂತಾರ, ಲೀಟರಿಗೆ ಐದು ಕಿಲೋಮೀಟರ್ ಕೊಡೋ ಇಂಜಿನ್ ತಗದು ಡೀಸೆಲ್ ಇಂಜಿನ್ ಕೂಡಸ್ರಿ, ಎಷ್ಟೋ ಜೋಂಗಾದವರು ಹಂಗ ಮಾಡ್ಯಾರ ಅಂತ. ಅವರ ಮಾತು ತಳಬುಡಾ ಇಲ್ಲದ್ದಲ್ಲ. ದಿನಾ ಹೊಲಕ್ಕ ಹೋಗೋರಿಗೆ, ಹೇರು ಹೊರೋರಿಗೆ ಅದ ಖರೇ, ಆರ್‌ಟಿಓ ಒಪ್ಪಿಗಿ ತೊಗೊಂಡು ಮಾಡಲಿ. ಆದ್ರ ನಾವು ತಿಂಗಳಿಗೊಮ್ಮೆ ಇಪ್ಪತ್ತು ಕಿಲೋಮೀಟರ್ ಓಡಸೋರು. ನಾಲ್ಕು ಲೀಟರ್ ಪೆಟ್ರೋಲ್, ನಾಲ್ಕುನೂರು ಚಿಲ್ಲರ. ಅದನ್ನ ಉಳಸಲಿಕ್ಕೆ ಲಕ್ಷಗಟ್ಟಲೆ ಹಾಕಿ, ಗಾಡಿ ಜೋಂಗಾನೂ ಅಲ್ಲ ಹೊಸಾದೂ ಅಲ್ಲ ಅನ್ನೂಹಂಗ ಮಾಡೋದು ಯಾವ ಲೆಕ್ಕ? ಅಜ್ಜಿ ಇಳಕಲ್ ಸೀರಿ ಕತ್ತರಿಸಿ ಪಡದೆ ಹೊಲದಂಗ. ಅರಬಿ ಉಳೀತದ, ಸೀರಿ ಹೋಗತದ.

ಕಡೀ ಮಾತು ಕಾಗದಪತ್ರದ್ದು. ನಮ್ಮ ಓಣ್ಯಾಗ ಒಬ್ಬ ಅಕ್ಕಾವ್ರ ಯಜಮಾನರು ಹಳೇ ಮಿಲಿಟರಿ ಲಾರಿ ಪ್ರೀತಿಲೆ ಇಟ್ಟಿದ್ರು. ಅವರು ಅಚಾನಕ್ ತೀರಿಹೋದಾಗ ಲಿಲಾವಿನ ರಸೀದಿ ಎಲ್ಲೆ ಅದ, ಹೆಸರು ಯಾರದದ, ಯಾವ ಬಿಡಿಭಾಗ ಯಾರ ಹತ್ರ ರಿಪೇರಿಗೆ ಹೋಗ್ಯದ, ಏನೂ ಗೊತ್ತಿದ್ದಿಲ್ಲ. ಎರಡು ಮಳಿಗಾಲ ಅಂಗಳದಾಗ ನಿಂತು ಜಂಗ್ ತಿಂತು. ಆಮ್ಯಾಲೆ ಗುಜರಿಯವರು ಕಬ್ಬಿಣದ ತೂಕದಲೆ ಒಯ್ದ್ರು. ಹದಿನೈದು ವರ್ಷದ ಪ್ರೀತಿ, ಕಿಲೋ ಲೆಕ್ಕದಾಗ. ಆ ಅಕ್ಕಾವ್ರು ರೊಕ್ಕಕ್ಕ ಅಳಲಿಲ್ಲ. "ನನಗೊಂದು ಮಾತು ಹೇಳಿಕೊಟ್ಟಿದ್ರ ನಾ ನೋಡ್ಕೋತಿದ್ದೆ" ಅಂತ ಅತ್ತರು.

ಅದಕ್ಕ ನಾದಿನಿಗೆ ನನ್ನ ಶರ್ತ ಇವು. ಮಾಡು ಇರೋ ಜಾಗಾ ಇಲ್ಲದನ ಗಾಡಿ ಬ್ಯಾಡ, ತಾಡಪತ್ರಿ ಮಾಡಲ್ಲ. ಹತ್ರದಾಗ ಈ ಇಂಜಿನ್ ಬಲ್ಲ ಮಿಸ್ತ್ರಿ ಒಬ್ಬರಿರಬೇಕು. ಸಾಲಾ ಮಾಡಿ, ಬಂಗಾರ ಒತ್ತಿ ಇಟ್ಟು ಹೌಸು ಬ್ಯಾಡ. ತಿಂಗಳಿಗಿಷ್ಟು ಅಂತ ಪಗಾರದಾಗ ತಗದಿಟ್ಟು, ಅಷ್ಟರಾಗ ಕೆಲಸ ಸಾವಕಾಶ ಆಗಲಿ. ಹೆಸರಿಗೆ ಹಚ್ಚೋ ಮೊದಲ ಲಿಲಾವಿನ ಕಾಗದ, ಚಾಸಿ ನಂಬರ್, ಇಂಜಿನ್ ನಂಬರ್ ತಾಳಿ ಆಗತಾವೇನು ನೋಡ್ರಿ, ಇಲ್ಲಂದ್ರ ಆರ್‌ಟಿಓದಾಗ ಚಪ್ಪಲ್ಲಿ ಸವಿಯತಾವ. ಆರ್‌ಸಿಯೊಳಗ ನಾಮಿನಿ ಹೆಸರು ಹಾಕಲಿಕ್ಕೆ 2021ರಿಂದ ಅವಕಾಶ ಅದ, ಹಾಕಸ್ರಿ. ಬ್ರೇಕ್ ಧೂಳಿಂದು ಮ್ಯಾಲೆ ಬರದೀನಿ, ಅದರಾಗ ರಿಯಾಯ್ತಿ ಇಲ್ಲ.

ಮತ್ತ ನೀವೂ ಕಲೀರಿ. ಬ್ಯಾಟರಿ ವಾಯರ್ ಬಿಚ್ಚೋದು, ಆಯಿಲ್ ಕಡ್ಡಿ ನೋಡೋದು, ಚಾಲೂ ಮಾಡಿ ಹತ್ತು ನಿಮಿಷ ಇಡೋದು, ಓಣಿ ಒಂದು ಸುತ್ತು ಹಾಕೋದು. ಜೋಂಗಾದ ಸ್ಟೇರಿಂಗ್ ಭಾರ ಅದ ಖರೇ, ಆದ್ರ ತುಂಬಿದ ಕೊಡಕ್ಕಿಂತಾ ಭಾರ ಅಲ್ಲ. ನಮ್ಮ ಮನ್ಯಾಗ ಒಂದು ಕೀಲಿ ಗಂಡಸರ ಕಡೆ ಅದ, ಇನ್ನೊಂದು ನನ್ನ ಕೀಲಿಗೊಂಚಲದಾಗ ಕಪಾಟಿನ ಕೀಲಿ ಬಾಜೂಕ ಅದ. ಎರಡನೇ ಕೀಲಿ ಕೊಡಲಿಕ್ಕೆ ತಯಾರಿದ್ದ ಹುಡುಗಗ ಹೂಂ ಅನ್ರಿ. ಇಲ್ಲಂದ್ರ ಅದು ಅವನೊಬ್ಬನ ಹೌಸು, ಅವ ಒಬ್ಬನ ಬ್ಯಾರೆ ಜಾಗಾ ಹಿಡಕೊಂಡು ಇಟಗೊಳ್ಳಲಿ.